ಗೋಡೌನಿಗೆ ಯಾವ ಆಂಪ್ ತರೋಣ?

ಕಾಲೇಜಿನಲ್ಲಿ ಒಟ್ಟಿಗೆ ಹೆವಿ ಮೆಟಲ್ ಸಂಗೀತ ನುಡಿಸುತ್ತಿದ್ದ ಐದು ಜನರ ಗುಂಪು ಇದು. ಪೊನ್ನಣ್ಣ ನಮಗೆ ಮೂರು ವರ್ಷ ಸೀನಿಯರ್. ಕೊಡಗಿನ ಅಮ್ಮತ್ತಿ ಕಡೆ ತೋಟ, ಅವರ ಹಳೇ ಕಾಫಿ ಗೋಡೌನೇ ನಮ್ಮ ಅಭ್ಯಾಸದ ಜಾಗ. ರಫೀಕ್ ಡ್ರಮ್ಸ್, ಕುಶಾಲನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ದೇಚು ಬೇಸ್ ಗಿಟಾರ್. ಕುಟ್ಟ ಗಿಟಾರ್, ಇರುವುದು ಬೆಂಗಳೂರಿನಲ್ಲಿ. ನಾನು ಹರಿ, ಎರಡನೇ ಗಿಟಾರ್ ಮತ್ತು ಲೆಕ್ಕಪತ್ರ. ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಬ್ಯಾಚಿನವರು ಸೇರುತ್ತಾರೆ, ಅಲ್ಲಿ ನುಡಿಸಬೇಕು. ಅದಕ್ಕೆ ಎಲ್ಲರ ದುಡ್ಡು ಹಾಕಿ ಗಿಟಾರಿನ ಸದ್ದು ದೊಡ್ಡದು ಮಾಡುವ ಒಂದು ಆಂಪ್ (ಆಂಪ್ಲಿಫೈಯರ್) ತರುವ ಮಾತು. ಗುಂಪಿನ ಚಾಟ್‌ನಲ್ಲಿ ಬಂದ ಶುಭೋದಯದ ಹೂವಿನ ಚಿತ್ರಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ.

ಕುಟ್ಟ: ಎರಡು ಫೋಟೋ ಕಳುಹಿಸಿದ್ದೇನೆ, ನೋಡಿ. ಒಂದು ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್. ಇನ್ನೊಂದು ಪೀವಿ 6505. ಎರಡೂ ಸೆಕೆಂಡ್ ಹ್ಯಾಂಡ್. ಎರಡರ ಬೆಲೆಯೂ ನಮ್ಮ ನಿಧಿಯ ಅಂಚಿಗೇ ಬರುತ್ತದೆ. ನನ್ನ ಓಟು ರೆಕ್ಟಿಫೈಯರ್‌ಗೆ.

ರಫೀಕ್: ಹರಿ ಹತ್ತಿರ ಟ್ಯೂಬ್ ಇಲ್ಲದ ಬಾಸ್ ಕಟಾನಾ ಆಂಪ್ ಇದೆಯಲ್ಲ ಮಾರಾಯ. ಅದರಲ್ಲೇ ನುಡಿಸಿದರೆ ಆಗುವುದಿಲ್ಲವಾ?

ಕುಟ್ಟ: ಕಟಾನಾ ಬೆಡ್‌ರೂಮಿಗೆ ಸರಿ. ಮೆಟಲ್‌ಗೆ ಟ್ಯೂಬ್ ಆಂಪ್ ಬೇಕು ಕಣೋ, ಗಾಜಿನ ವಾಲ್ವ್‌ಗಳಿಂದ ಓಡುವುದು. 100 ವಾಟ್ ಟ್ಯೂಬ್ ಎದೆಗೆ ಗುದ್ದಬೇಕು.

ದೇಚು: ಪ್ಯಾಂಟೆರಾ ಬ್ಯಾಂಡಿನ ಡೈಮ್‌ಬ್ಯಾಗ್ ಡ್ಯಾರೆಲ್ ವರ್ಷಗಟ್ಟಲೆ ರ‍್ಯಾಂಡಲ್ ಟ್ಯೂಬ್ ಇಲ್ಲದ ಸಾಲಿಡ್ ಸ್ಟೇಟ್‌ನಲ್ಲಿ ನುಡಿಸಿದ. ಡೆತ್ ಬ್ಯಾಂಡಿನ ಚಕ್ ಶುಲ್ಡಿನರ್ ಮಾರ್ಷಲ್ ವಾಲ್ವ್‌ಸ್ಟೇಟ್ ಇಟ್ಟುಕೊಂಡಿದ್ದ, ಅದರ ಪವರ್ ಭಾಗದಲ್ಲಿ ಟ್ಯೂಬ್ ಇಲ್ಲ. ಅವರ ಗುದ್ದು ನಿನಗೆ ಸಾಲಲಿಲ್ಲವಾ?

ಕುಟ್ಟ: ಅವರ ಕೈ ಬೇರೆ.

ದೇಚು: ಅದನ್ನೇ ನಾನೂ ಹೇಳುತ್ತಿರುವುದು.

(ಇಲ್ಲಿಗೆ ಕುಟ್ಟ ಒಂದು ಗಂಟೆ ಮಾಯ. ಬಂದಾಗ ಕೈಯಲ್ಲಿ ಅರಮನೆ ಮೈದಾನ ಹಿಡಿದುಕೊಂಡೇ ಬಂದ.)

ಕುಟ್ಟ: 2011ರ ಅಕ್ಟೋಬರ್ 30. ಬೆಂಗಳೂರು, ಮೆಟಾಲಿಕಾ ಬ್ಯಾಂಡಿನ ಕಾರ್ಯಕ್ರಮ. ಆ ಸದ್ದು ಹೊಟ್ಟೆಯೊಳಗೆ ನಡುಗಿದ್ದು ಯಾರಿಗೂ ನೆನಪಿಲ್ಲವಾ?

ರಫೀಕ್: ನೆನಪಿದೆ. ಹೊಟ್ಟೆ ನಡುಗಿಸಿದ್ದು ವೇದಿಕೆಯ ಅಕ್ಕಪಕ್ಕ ತೂಗು ಹಾಕಿದ್ದ ದೊಡ್ಡ ಸ್ಪೀಕರ್‌ಗಳು. ಗಿಟಾರ್ ಆಂಪಿನ ಸದ್ದು ಹಿಂದೆ ನಿಂತಿದ್ದ ನಮ್ಮವರೆಗೆ ಬರುತ್ತದಾ? ವಾಟ್ ಲೆಕ್ಕ ಬಿಡು. 50 ವಾಟ್ ಇದ್ದದ್ದು 100 ಆದರೆ ಜಾಸ್ತಿ ಆಗುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಕೇಳಿಸಬೇಕಾದರೆ ಹೆಚ್ಚುಕಮ್ಮಿ ಹತ್ತರಷ್ಟು ವಾಟ್ ಬೇಕು.

ಕುಟ್ಟ: ನಿನ್ನ ಡ್ರಮ್ಸ್‌ಗೆ ವಾಲ್ಯೂಮ್ ಬಟನ್ ಇದ್ದಿದ್ದರೆ ನಾನೂ 5 ವಾಟ್‌ಗೆ ಒಪ್ಪುತ್ತಿದ್ದೆ.

ದೇಚು: ರೆಕ್ಟಿಫೈಯರ್ ಬಗ್ಗೆ ನನ್ನದೊಂದು ತಕರಾರು. ಅದರ ಮಾಡರ್ನ್ ಮೋಡ್‌ನಲ್ಲಿ ಪವರ್ ಆಂಪಿನ (ಸ್ಪೀಕರನ್ನು ಓಡಿಸುವ ಕೊನೆಯ ಭಾಗ) ನೆಗೆಟಿವ್ ಫೀಡ್‌ಬ್ಯಾಕ್ ತೆಗೆದುಬಿಡುತ್ತಾರೆ. ಅಂದರೆ ಸ್ಪೀಕರನ್ನು ಹಿಡಿದಿಡುವ ಕಡಿವಾಣ ಸಡಿಲ. ತಗ್ಗು ಸ್ವರ ಅಗಲವಾಗಿ ಹರಡುತ್ತದೆ. ನಿಧಾನದ ರಿಫ್‌ಗೆ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಚೆಂದ, ಒಪ್ಪುತ್ತೇನೆ. ಆದರೆ ಕುಟ್ಟ ನುಡಿಸುವ ವೇಗಕ್ಕೆ ಪ್ರತಿ ಚಗ್ (ತಂತಿಯನ್ನು ಅಂಗೈಯಿಂದ ಅದುಮಿ ಹೊಡೆಯುವ ಗುದ್ದು) ಮುಂದಿನದರ ಮೇಲೆ ಬಿದ್ದು ಗಂಜಿ ಆಗುತ್ತದೆ. ಅದರ ಕೆಳಗೆ ನನ್ನ ಬೇಸ್ ಯಾರಿಗೂ ಕೇಳಿಸುವುದಿಲ್ಲ.

ಕುಟ್ಟ: ಮುಂದೆ ಟ್ಯೂಬ್ ಸ್ಕ್ರೀಮರ್ ಪೆಡಲ್ ಇಡುತ್ತೇನಲ್ಲ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ತಗ್ಗು ಸ್ವರ ಆಂಪಿಗೆ ಹೋಗುವ ಮೊದಲೇ ತೆಳ್ಳಗಾಗುತ್ತದೆ, ಚಗ್ ಬಿಗಿ ಆಗುತ್ತದೆ. ಎಲ್ಲರೂ ಮಾಡುವುದು ಅದೇ.

ದೇಚು: ಬಿಗಿ ಮಾಡಲು ಪೆಡಲ್ ಬೇಕೇ ಬೇಕು ಅನ್ನುವ ಆಂಪಿಗಿಂತ, ಮೊದಲೇ ಬಿಗಿ ಇರುವ 6505 ತರೋಣ ಅಂತ ನಾನು. ಅದರ ಲೀಡ್ ಚಾನೆಲ್‌ನ ಗೇನ್ (ಒಡಕು ಸದ್ದಿನ ಗುಂಡಿ) ಅರ್ಧಕ್ಕಿಟ್ಟರೂ ಸಾಕು, ಉಕ್ಕುತ್ತದೆ.

ಪೊನ್ನಣ್ಣ: 5150 ಅಂತ ಒಂದಿತ್ತಲ್ಲ, ನಮ್ಮ ಕಾಲದಲ್ಲಿ. ಅದೇನಾ ಇದು?

ಹರಿ: ಅದೇ ಪೊನ್ನಣ್ಣ. 1992ರಲ್ಲಿ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹ್ಯಾಲೆನ್ ಜೊತೆ ಸೇರಿ ಪೀವಿಯವರು 5150 ತಂದರು. 2004ರಲ್ಲಿ ಅವರ ಒಪ್ಪಂದ ಮುಗಿಯಿತು, 5150 ಅನ್ನುವ ಹೆಸರು ಎಡ್ಡಿ ಜೊತೆ ಹೋಯಿತು. ಆಂಪ್ ಪೀವಿ ಹತ್ತಿರವೇ ಉಳಿಯಿತು, ಹೆಸರು 6505 ಆಯಿತು. ಕಂಪನಿ ಶುರುವಾದದ್ದು 1965, ನಲವತ್ತು ತುಂಬಿದ್ದು 2005. ಆ ಎರಡು ವರ್ಷ ಸೇರಿಸಿದ್ದಾರೆ.

ಪೊನ್ನಣ್ಣ: ತಮಾಷೆ. ಅವನು ಮಾಡಿಸಿಕೊಂಡದ್ದು ರಾಕ್‌ಗೆ, ಹಿಡಿದುಕೊಂಡವರು ನೀವು ಮೆಟಲ್‌ನವರು.

ದೇಚು: ಕುಟ್ಟ, ರೆಕ್ಟಿಫೈಯರ್‌ನ ಹಿಂಭಾಗದ ಫೋಟೋ ಝೂಮ್ ಮಾಡಿ ನೋಡಿದೆಯಾ? ಪವರ್ ಸಾಕೆಟ್ ಪಕ್ಕ 120 ವೋಲ್ಟ್, 60 ಹರ್ಟ್ಜ್ ಅಂತಿದೆ. ಯಾರೋ ಅಮೆರಿಕದಿಂದ ಹೊತ್ತು ತಂದದ್ದು. ಇಲ್ಲಿ ಸೀದಾ ಚುಚ್ಚಿದರೆ ಒಂದೇ ರಿಫ್, ಆಮೇಲೆ ಹೊಗೆ.

ಕುಟ್ಟ: ಅಯ್ಯೋ. ಮಾರುವವರು ಹೇಳಲೇ ಇಲ್ಲ.

ರಫೀಕ್: ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅದಕ್ಕೆ ಬೇರೆ ದುಡ್ಡು. ಅದನ್ನೂ ಹೊತ್ತುಕೊಂಡು ತಿರುಗಬೇಕು. 6505ರ ಹಿಂದೆ ಏನಿದೆ?

ಹರಿ: 230 ಅಂತಲೇ ಇದೆ.

(ರೆಕ್ಟಿಫೈಯರ್ ಹೀಗೆ ಸತ್ತಿತು. ನನಗೆ ಒಳಗೊಳಗೇ ಬೇಜಾರು. ಆ ಬೆಳ್ಳಿ ಬಣ್ಣದ ಮುಂಭಾಗ ನೋಡಿಕೊಂಡೇ ನಾವು ಬೆಳೆದದ್ದು. ಮುಗಿಯಿತು ಅಂದುಕೊಂಡು ಊಟಕ್ಕೆ ಎದ್ದೆ. ಮುಗಿದಿರಲಿಲ್ಲ.)

ರಫೀಕ್: ಒಂದು ಮಾತು. 230 ಬರೆದಿರುವುದು ಆಂಪಿನ ಮೇಲೆ. ಗೋಡೌನಿನ ಪ್ಲಗ್‌ನಲ್ಲಿ ಎಷ್ಟು ಬರುತ್ತದೆ ಅಂತ ಯಾರಾದರೂ ನೋಡಿದ್ದೀರಾ? ಕಳೆದ ಸಲ ಬಂದಾಗ ಮೀಟರ್ ಇಟ್ಟಿದ್ದೆ. ಸಂಜೆ ಆರೂವರೆ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಓಡುತ್ತಿತ್ತು. 178.

ಕುಟ್ಟ: ಒಳ್ಳೆಯದೇ ಆಯಿತು! ಎಡ್ಡಿ ತನ್ನ ಮಾರ್ಷಲ್‌ಗೆ ಗುಂಡಿ ತಿರುಗಿಸಿ ವೋಲ್ಟೇಜ್ ಬದಲಿಸುವ ವೇರಿಯಾಕ್ ಹಾಕಿ 120 ವೋಲ್ಟನ್ನು 90ರ ಹತ್ತಿರ ಇಳಿಸುತ್ತಿದ್ದ. ಮುಕ್ಕಾಲು ಭಾಗ. 230ರಲ್ಲಿ 178 ಕೂಡ ಹೆಚ್ಚುಕಮ್ಮಿ ಮುಕ್ಕಾಲೇ. ಅವನು ದುಡ್ಡು ಕೊಟ್ಟು ಮಾಡಿಕೊಂಡದ್ದು ಅಮ್ಮತ್ತಿಯಲ್ಲಿ ಪುಕ್ಕಟೆ.

ದೇಚು: ಹಳೇ ರೆಕ್ಟಿಫೈಯರ್‌ನಲ್ಲಿ ವೋಲ್ಟೇಜ್ ಇಳಿಸಲು ‘ಸ್ಪಂಜಿ’ ಅಂತ ಒಂದು ಸ್ವಿಚ್ಚೇ ಇರುತ್ತಿತ್ತು. ನಮಗೆ ಸ್ವಿಚ್ ಬೇಕಿಲ್ಲ. ಇಡೀ ಲೈನೇ ಸ್ಪಂಜಿ.

ರಫೀಕ್: ನಗಬೇಡಿ. ಎಡ್ಡಿ ಕೈಯಲ್ಲಿ ಗುಂಡಿ ಇತ್ತು, ಬೇಕಾದಷ್ಟೇ ತಿರುಗಿಸಿದ. ನಮ್ಮ ಗುಂಡಿ ಪಲ್ಪರ್ ಕೈಯಲ್ಲಿದೆ. ಮೋಟಾರ್ ಶುರುವಾದಾಗ ಬೀಳುತ್ತದೆ, ನಿಂತಾಗ ಜಿಗಿಯುತ್ತದೆ. ಅದೇ ದಿನ 252 ಕೂಡ ನೋಡಿದ್ದೇನೆ. ಇನ್ನು ಟ್ಯೂಬ್ ವಿಷಯ. ಅದರೊಳಗೆ ಒಂದು ಹೀಟರ್ ಇದೆ, ಹಳೇ ವಾಲ್ವ್ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ. ಅದಕ್ಕೆ 6.3 ವೋಲ್ಟ್ ಬೇಕು. ಹತ್ತು ಪರ್ಸೆಂಟ್ ಆಚೀಚೆ ಆದರೆ ತಡೆಯುತ್ತದೆ. ಗೋಡೆಯಲ್ಲಿ 178 ಇದ್ದರೆ ಹೀಟರಿಗೆ ಸಿಗುವುದು 4.9. ಟ್ಯೂಬ್ ಅರೆಬೆಂದ ಹಾಗೆ ಕೆಲಸ ಮಾಡುತ್ತದೆ. ಗುದ್ದು ಬೇಕು ಅಂತ ತಾನೇ ಟ್ಯೂಬ್ ತರುವುದು? ಮೊದಲು ಹೋಗುವುದೇ ಆ ಗುದ್ದು.

ಹರಿ: ಎಡ್ಡಿಗೆ ಬೇಕಿದ್ದದ್ದೂ ಬೇರೆ ಅಲ್ವಾ? ಪವರ್ ಟ್ಯೂಬ್ ಬೇಗ ಬಳಲಬೇಕು, ಸದ್ದು ಮೆತ್ತಗಾಗಬೇಕು. ಚಗ್‌ಗೆ ಬೇಕಾದದ್ದು ಅದರ ಉಲ್ಟಾ. 6505ರಲ್ಲಿ ಒಡಕು ಹುಟ್ಟುವುದೇ ಪ್ರೀಆಂಪಿನ, ಅಂದರೆ ಮೊದಲ ಭಾಗದ, ಚಿಕ್ಕ ಟ್ಯೂಬ್‌ಗಳಲ್ಲಿ, 12ಎಎಕ್ಸ್7ಗಳು ಒಂದರ ಹಿಂದೆ ಒಂದು. ಪವರ್ ಭಾಗ ಗಟ್ಟಿಯಾಗಿ ನಿಂತು ಅದನ್ನು ಹಾಗೇ ಎತ್ತಿ ಕೊಡಬೇಕು.

ಕುಟ್ಟ: ಪರಿಹಾರ ಹೇಳಿ ಸ್ವಾಮಿ.

ರಫೀಕ್: ಸರ್ವೋ ಸ್ಟೆಬಿಲೈಸರ್. ಅದೂ ಒಂದು ವೇರಿಯಾಕೇ. ಎಡ್ಡಿ ಕೈಯಲ್ಲಿ ತಿರುಗಿಸುತ್ತಿದ್ದ, ಇದರಲ್ಲಿ ಪುಟ್ಟ ಮೋಟಾರ್ ತಿರುಗಿಸುತ್ತದೆ. ಅಷ್ಟೇ ವ್ಯತ್ಯಾಸ.

ಕುಟ್ಟ: ಅದು ನಿನ್ನ ಅಂಗಡಿಯಲ್ಲೇ ಸಿಗುತ್ತದೆ, ಅಲ್ವಾ?

ರಫೀಕ್: ಸಿಗುತ್ತದೆ. ಏನೀಗ? ಬೇರೆ ಅಂಗಡಿಯಲ್ಲೇ ತಗೊಳ್ಳಿ. ನಾನು ಹುಟ್ಟಿದಾಗಿನಿಂದ ಕಮಿಷನ್ ತಿಂದವನು ಅನ್ನುವ ಹಾಗೆ ಮಾತಾಡಬೇಡ.

ದೇಚು: ಕುಟ್ಟ, ಅದು ತಪ್ಪು. ವಾಪಸ್ ತಗೋ.

ಕುಟ್ಟ: ತಗೊಂಡೆ. ಸಾರಿ ರಫೀಕ್. ನಿದ್ದೆ ಇಲ್ಲ, ಆಫೀಸಿನಲ್ಲಿ ರಿಲೀಸ್.

(ಲೆಕ್ಕ ನನ್ನ ಕೈಯಲ್ಲಿ ಇರುವುದರಿಂದ ಹೇಳಲೇಬೇಕಾಯಿತು: ಆಂಪ್ ತಂದರೆ ಸರ್ವೋಗೆ ದುಡ್ಡಿಲ್ಲ, ಸರ್ವೋ ತಂದರೆ ಆಂಪಿಗೆ ದುಡ್ಡಿಲ್ಲ. ಇನ್ನೊಂದು ದಾರಿ ತೋರಿಸಿದೆ. ಲ್ಯಾಪ್‌ಟಾಪ್, ಗಿಟಾರನ್ನು ಅದಕ್ಕೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಅಸಲಿ ಆಂಪುಗಳಿಂದ ಕಲಿಸಿದ ಮಾದರಿಗಳನ್ನು ಅದರಲ್ಲಿ ಓಡಿಸಬಹುದು. ಲ್ಯಾಪ್‌ಟಾಪಿನ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಗೊಣಗುವುದಿಲ್ಲ. ನನ್ನ ಮಟ್ಟಿಗೆ ಇದೇ ಜಾಣತನ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.)

ಕುಟ್ಟ: ವೇದಿಕೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೆಟಲ್ ನುಡಿಸಲು ನಾನು ಬರುವುದಿಲ್ಲ. ದಿನವಿಡೀ ಅದರ ಮುಂದೆಯೇ ಕೂತಿರುತ್ತೇನೆ.

ದೇಚು: ಇದು ನ್ಯಾಯ. ಇದೊಂದಕ್ಕೆ ನಾನು ಕುಟ್ಟನ ಕಡೆ.

ರಫೀಕ್: ಯಾವ ಆಂಪ್ ಬಂದರೂ ನನ್ನದೊಂದು ಷರತ್ತು. ಕುಟ್ಟ ಮಿಡ್ (ನಡುಸ್ವರದ ಗುಂಡಿ) ಸೊನ್ನೆಗೆ ಇಡುವುದನ್ನು ಬಿಡಬೇಕು. ಒಬ್ಬನೇ ನುಡಿಸುವಾಗ ಅದು ದೊಡ್ಡದಾಗಿ ಕೇಳುತ್ತದೆ, ಸರಿ. ಐದು ಜನ ಸೇರಿದಾಗ ಕೆಳಗೆ ದೇಚು ಮತ್ತು ನನ್ನ ಕಿಕ್, ಮೇಲೆ ನನ್ನ ಸಿಂಬಲ್. ಗಿಟಾರ್‌ಗೆ ಇರುವ ಜಾಗವೇ ನಡುವೆ. ಆ ಜಾಗ ನೀನೇ ಖಾಲಿ ಮಾಡಿಕೊಂಡು ಆಮೇಲೆ ‘ನಾನು ಕೇಳಿಸುತ್ತಿಲ್ಲ’ ಅಂತ ವಾಲ್ಯೂಮ್ ಏರಿಸುತ್ತೀಯ.

ಕುಟ್ಟ: 5ಕ್ಕೆ ಇಡುತ್ತೇನೆ.

ರಫೀಕ್: 6.

ಪೊನ್ನಣ್ಣ: ಎಲ್ಲರೂ ಸ್ವಲ್ಪ ತಡೆಯಿರಿ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಆಳುಗಳು ಕೊಯ್ದ ಹಣ್ಣನ್ನು ಸಂಜೆ ಅಳೆದು ಅದೇ ರಾತ್ರಿ ಪಲ್ಪರ್‌ಗೆ ಹಾಕಲೇಬೇಕು, ಬಿಟ್ಟರೆ ರಾಶಿಯಲ್ಲೇ ಹುಳಿಯುತ್ತದೆ. ನಿಮ್ಮ ಬ್ಯಾಂಡಿಗಾಗಿ ಅದನ್ನು ನಿಲ್ಲಿಸಲು ನಾನು ತಯಾರಿಲ್ಲ. ಆದರೆ ಎಂಟೂವರೆಗೆ ಮುಗಿದು ಒಂಬತ್ತಕ್ಕೆ ಯಂತ್ರ ತೊಳೆದಿರುತ್ತಾರೆ. ಆಮೇಲೆ ಲೈನಿನಲ್ಲಿ ಎಷ್ಟಿರುತ್ತದೆ ರಫೀಕ್?

ರಫೀಕ್: ಅದನ್ನು ನೋಡಿಲ್ಲ ಅಣ್ಣ. ನೀವೇ ಒಮ್ಮೆ ನೋಡುತ್ತೀರಾ? ಮೀಟರ್ ಗೋಡೌನಿನ ಕಿಟಕಿಯಲ್ಲೇ ಬಿಟ್ಟು ಬಂದಿದ್ದೇನೆ. ಗುಂಡಿ 750ರ ಮೇಲೆ, ಎಸಿ ಕಡೆ ಇರಲಿ. ಚಪ್ಪಲಿ ಹಾಕಿಕೊಂಡೇ ನೋಡಿ.

(ಮರುದಿನ ರಾತ್ರಿ 9.20ಕ್ಕೆ ಪೊನ್ನಣ್ಣನ ಫೋಟೋ ಬಂತು. ಅರ್ಧ ಅವರ ಹೆಬ್ಬೆರಳು, ಅರ್ಧ ಮೀಟರ್. 226.)

ರಫೀಕ್: ಇದು ಮಾತು! ಒಂಬತ್ತರ ಮೇಲೆ ನುಡಿಸಿದರೆ ಸರ್ವೋ ಇಲ್ಲದೆಯೂ ನಡೆಯುತ್ತದೆ. ಪಲ್ಪರ್ ಓಡುವಾಗ ಯಾರೂ ಆಂಪ್ ಆನ್ ಮಾಡಬೇಡಿ ಅಷ್ಟೇ. ಮತ್ತೆ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ವೈರ್ ಹಾಕದೆ ಹೆಡ್ (ಆಂಪಿನ ಪೆಟ್ಟಿಗೆ) ಆನ್ ಮಾಡಿದವನ ಕೈ ಮುರಿಯುತ್ತೇನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಂಪೇ ಮುಗಿಯಿತು.

ಕುಟ್ಟ: ಹಾಗಾದರೆ 6505. ಹೋಗಿ ನುಡಿಸಿ ನೋಡಿ, ಸರಿ ಇದ್ದರೆ ಶನಿವಾರ ಕಾರಿಗೆ ಹಾಕಿಕೊಂಡು ಬರುತ್ತೇನೆ. ಮಳೆಗಾಲದಲ್ಲಿ ಯಾರ ಮನೆಯಲ್ಲಿ ಇಡುವುದು? ಗೋಡೌನಿನಲ್ಲಿ ಬಿಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಹಸಿರು ಆಂಪ್ ಆಗುತ್ತದೆ.

ದೇಚು: ನಮ್ಮ ಮನೆ ಅಟ್ಟದಲ್ಲಿ. ಒಲೆ ಮೇಲ್ಭಾಗ, ಬೆಚ್ಚಗಿದೆ. ಅಮ್ಮ ಕೇಳಿದರೆ ಮಿಕ್ಸಿ ಅನ್ನುತ್ತೇನೆ.

ಹರಿ: ಒಂಬತ್ತಕ್ಕೆ ಶುರು ಮಾಡಿದರೆ ಮುಗಿಯುವಾಗ ಹನ್ನೊಂದು. ನಾನು ಮಡಿಕೇರಿಗೆ ಬೈಕಿನಲ್ಲಿ ವಾಪಸ್ ಬರಬೇಕು.

ಪೊನ್ನಣ್ಣ: ಬೈಕಿನ ಮಾತೇ ಬೇಡ. ಮೊನ್ನೆಯಿಂದ ಗೇಟಿನ ಹತ್ತಿರ ಆನೆ ಇದೆ. ಎರಡು ದೊಡ್ಡವು, ಒಂದು ಮರಿ. ಕತ್ತಲಾದ ಮೇಲೆ ಯಾರೂ ತೋಟದ ರಸ್ತೆಗೆ ಇಳಿಯುವ ಹಾಗಿಲ್ಲ. ನುಡಿಸುವವರು ಇಲ್ಲೇ ಮಲಗಿ ಬೆಳಗ್ಗೆ ಹೋಗಿ. ಆಂಟಿ ಅಕ್ಕಿರೊಟ್ಟಿ ಮಾಡುತ್ತಾರೆ.

ಕುಟ್ಟ: ಗೋಡೌನಿನಲ್ಲಿ ಎಷ್ಟು ಹಾಸಿಗೆಗೆ ಜಾಗ ಇದೆ ಅಣ್ಣ?

ಪೊನ್ನಣ್ಣ: ಐದಕ್ಕೆ ಇತ್ತು. ನೀನು ಆ ನಾಲ್ಕು ಸ್ಪೀಕರಿನ ಕ್ಯಾಬ್ ತಂದರೆ ನಾಲ್ಕಕ್ಕೆ.

ಹರಿ: ಮುಂಗಡ ಕಳುಹಿಸಿದ್ದೇನೆ. ಕುಟ್ಟ, ರಸೀದಿಯ ಫೋಟೋ ಹಾಕು. ಹಾಸಿಗೆ ನೀನೇ ತಾ.