ಹೊರಾಂಗಣ ಪೆಟ್ಟಿಗೆಯೊಳಗೆ ನೀರಿನ ಹನಿ: ಸೀಲ್ ಇನ್ನಷ್ಟು ಬಿಗಿಗೊಳಿಸಬೇಕೇ?

ಪ್ರಶ್ನೆ

ನಮಸ್ಕಾರ. ಹೊರಗೋಡೆಯ ಮೇಲೆ ಐಪಿ 66 ದರ್ಜೆಯ (ಧೂಳು, ನೀರು ತಡೆಯುವ) ಪಾಲಿಕಾರ್ಬೊನೇಟ್ ಪೆಟ್ಟಿಗೆಯೊಂದರಲ್ಲಿ ಎಂಟು ಪೋರ್ಟಿನ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲಿಯೇ ವಿದ್ಯುತ್ತನ್ನೂ ಕಳಿಸುವ ಸ್ವಿಚ್), ಅದರ ಪವರ್ ಸಪ್ಲೈ ಹಾಗೂ ಫೈಬರ್ ಸಂಪರ್ಕವನ್ನು ತಾಮ್ರದ ಕೇಬಲ್‌ಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಅಳವಡಿಸಿದ್ದೇನೆ. ಕೇಬಲ್‌ಗಳೆಲ್ಲವೂ ತಳದ ಗ್ಲ್ಯಾಂಡ್‌ಗಳ (ಕೇಬಲನ್ನು ಸುತ್ತಲೂ ಬಿಗಿಹಿಡಿದು ಸೀಲ್ ಮಾಡುವ ಬಿಡಿಭಾಗಗಳ) ಮೂಲಕವೇ ಒಳಬರುತ್ತವೆ. ಹೀಗಿದ್ದರೂ ಮಳೆಯಿಲ್ಲದ ದಿನಗಳಲ್ಲಿಯೂ ಬೆಳಗಿನ ಹೊತ್ತು ಮುಚ್ಚಳದ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿರುತ್ತವೆ. ಒಂದು ಪೋರ್ಟಿನ ಪಿನ್‌ಗಳ ಮೇಲೆ ಹಸಿರು ಕಿಲುಬು ಕಾಣಿಸಿಕೊಂಡಿದೆ. ಮುಚ್ಚಳದ ಸುತ್ತ ಮತ್ತು ಗ್ಲ್ಯಾಂಡ್‌ಗಳ ಬುಡಕ್ಕೆ ಸಿಲಿಕೋನ್ ಸೀಲಂಟ್ ಬಳಿದರೆ ಸಮಸ್ಯೆ ಬಗೆಹರಿಯುವುದೇ?

ಉತ್ತರ 1

ದಯವಿಟ್ಟು ಸೀಲಂಟ್ ಬಳಿಯಬೇಡಿ. ಮಳೆಯಿಲ್ಲದ ದಿನವೂ ಹನಿ ಕಾಣುತ್ತಿದೆಯೆಂದರೆ ಅದು ಬಹುಮಟ್ಟಿಗೆ ಗಾಳಿಯಲ್ಲಿದ್ದ ತೇವವೇ. ಹಗಲಿನಲ್ಲಿ 50 ಡಿಗ್ರಿಗೆ ಕಾದ ಒಳಗಿನ ಗಾಳಿ ಹಿಗ್ಗಿ, ಸಂದುಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಹೊರಹೋಗುತ್ತದೆ. ಅದೇ ಗಾಳಿ 25 ಡಿಗ್ರಿಗೆ ತಣಿದಾಗ ಒಳಗಿನ ಒತ್ತಡ ಶೇ. 8ರಷ್ಟು ಕುಸಿಯಬಹುದು, ಇದು ಸುಮಾರು 80 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಅಷ್ಟು ಬಲದಿಂದ ಪೆಟ್ಟಿಗೆಯು ಮುಚ್ಚಳದ ಸೀಲ್ ಪಟ್ಟಿಯಾದ ಗ್ಯಾಸ್ಕೆಟ್‌ನ ಅಂಚಿನಿಂದಲೂ ಗ್ಲ್ಯಾಂಡ್‌ನ ತಿರುಪಿನ ಸುತ್ತುಗಳಿಂದಲೂ ಹೊರಗಿನ ಒದ್ದೆ ಗಾಳಿಯನ್ನು, ಅಂಚಿನಲ್ಲಿ ನೀರು ನಿಂತಿದ್ದರೆ ಆ ನೀರನ್ನೇ, ಒಳಗೆಳೆದುಕೊಳ್ಳುತ್ತದೆ. ಶುಭ್ರ ಆಕಾಶದ ರಾತ್ರಿಯಲ್ಲಿ ಮುಚ್ಚಳವು ಸುತ್ತಲ ಗಾಳಿಗಿಂತಲೂ ಹೆಚ್ಚು ತಣ್ಣಗಾಗುವುದರಿಂದ ಹನಿಗಳು ಮೊದಲು ಅಲ್ಲಿಯೇ ಮೂಡುತ್ತವೆ.

ಐಪಿ 66 ಎಂಬ ದರ್ಜೆಯು ಧೂಳಿನಿಂದ ಪೂರ್ಣ ರಕ್ಷಣೆಯನ್ನೂ ರಭಸದ ನೀರಿನ ಧಾರೆಯಿಂದ ರಕ್ಷಣೆಯನ್ನೂ ಸೂಚಿಸುತ್ತದೆಯೇ ಹೊರತು ನೀರಾವಿಯ ವಿಚಾರವನ್ನು ಹೇಳುವುದಿಲ್ಲ. ನಿಮಗೆ ಬೇಕಿರುವುದು ಒತ್ತಡ ಸರಿದೂಗಿಸುವ ವೆಂಟ್. ಅದರೊಳಗಿನ ಸೂಕ್ಷ್ಮರಂಧ್ರಗಳ ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಪೊರೆಯು ಗಾಳಿ ಮತ್ತು ನೀರಾವಿಯನ್ನು ಎರಡೂ ಕಡೆಗೆ ಬಿಡುತ್ತದೆ, ನೀರಿನ ಹನಿಯನ್ನು ತಡೆಯುತ್ತದೆ. ಪೆಟ್ಟಿಗೆಯಷ್ಟೇ ಐಪಿ ದರ್ಜೆಯಿರುವ ವೆಂಟನ್ನು ಆರಿಸಿಕೊಳ್ಳಿ.

ಸೀಲಂಟ್ ಬೇಡವೆನ್ನಲು ಇನ್ನೊಂದು ಗಂಭೀರ ಕಾರಣವಿದೆ. ವಿನೆಗರಿನ ವಾಸನೆ ಬರುವ ಬಗೆಯ ಸಿಲಿಕೋನ್ ಒಣಗುವಾಗ ಅಸೆಟಿಕ್ ಆಮ್ಲವನ್ನು ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ತಾಮ್ರದ ಭಾಗಗಳನ್ನು ತಿನ್ನುತ್ತದೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಒಂದೇ ಪೋರ್ಟಿನಲ್ಲಿ ಕಿಲುಬು ಕಟ್ಟಿರುವುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಹೊರಗಡೆ ಕೇಬಲ್‌ನ ಹೊದಿಕೆ ಎಲ್ಲಾದರೂ ಸೀಳಿದ್ದರೆ, ನೀರು ಜೋಡಿ ತಂತಿಗಳ ನಡುವೆಯೇ ಹರಿದು ಪ್ಲಗ್‌ವರೆಗೆ ಬರುತ್ತದೆ. ಅದನ್ನು ಯಾವ ಗ್ಲ್ಯಾಂಡೂ ತಡೆಯಲಾರದು. ಆ ಪೋರ್ಟಿನ ಕೇಬಲ್‌ನ ತುದಿಯಿಂದ ಒಂದು ಗೇಣು ಹೊದಿಕೆ ಸುಲಿದು ನೋಡಿ: ಒಳಗೆ ಪಸೆಯಿದ್ದರೆ ಕೇಬಲನ್ನೇ ಬದಲಿಸಿ, ಜೆಲ್ ತುಂಬಿದ ಹೊರಾಂಗಣ ಕೇಬಲ್ ಹಾಕುವುದು ಲೇಸು. ಉಪಕರಣ ಜೋಡಿಸಿರುವ ಪಿಒಇ ತಂತಿಗಳಲ್ಲಿ ಸುಮಾರು 48 ವೋಲ್ಟ್ ಡಿಸಿ ಸದಾ ಇರುವುದರಿಂದ, ತೇವ ಸೇರಿದೊಡನೆ ಪಿನ್‌ಗಳು ವಿದ್ಯುತ್‌ಕ್ರಿಯೆಯಿಂದ ಬಲುಬೇಗ ಸವೆಯುತ್ತವೆ.

ಗ್ಲ್ಯಾಂಡ್‌ಗೆ ಬರುವ ಮುನ್ನ ಪ್ರತಿ ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೇರುವಂತಿರಲಿ. ಒಂದೇ ರಂಧ್ರದ ಗ್ಲ್ಯಾಂಡ್‌ನಲ್ಲಿ ಎರಡು ಕೇಬಲ್ ತೂರಿಸಿದ್ದರೆ ಅಲ್ಲಿ ಸೀಲ್ ಇಲ್ಲವೆಂದೇ ತಿಳಿಯಿರಿ.

ಪ್ರಶ್ನಿಸಿದವರು

ವಿವರಗಳಿಗೆ ಧನ್ಯವಾದಗಳು. ಕೇಬಲ್ ಸುಲಿದು ನೋಡಿದೆ, ಒಳಗೆ ತೇವವಿದೆ, ಬದಲಿಸುತ್ತೇನೆ. ವೆಂಟನ್ನು ಎಲ್ಲಿ ಕೂರಿಸಬೇಕು? ಅದಿದ್ದರೆ ಒಳಗಿನ ಶಾಖವೂ ಕಡಿಮೆಯಾಗುವುದೇ? ತೇವ ಹೀರುವ ಸಿಲಿಕಾ ಜೆಲ್ ಇಡಬಹುದೇ?

ಉತ್ತರ 3

ವೆಂಟನ್ನು ಪೆಟ್ಟಿಗೆಯ ನೀರು ನಿಲ್ಲದ ಪಕ್ಕದ ಮೈಯಲ್ಲಿ ಅಥವಾ ತಳದಲ್ಲಿ ಕೂರಿಸಿ. ಅದರ ಮೇಲೆ ಬಣ್ಣ ಬಳಿಯಬಾರದು. ಸಿಲಿಕಾ ಜೆಲ್ ತೇವದಿಂದ ಬೇಗನೆ ತುಂಬಿಹೋಗುತ್ತದೆ, ಆಗಾಗ ಬದಲಿಸುವ ವ್ಯವಸ್ಥೆಯಿಲ್ಲದಿದ್ದರೆ ಅದನ್ನು ನೆಚ್ಚಬೇಡಿ.

ಆದರೆ ವೆಂಟ್ ಶಾಖವನ್ನು ಇಳಿಸುವುದಿಲ್ಲ. ನೇರ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್‌ನಷ್ಟು ಬೀಳಬಲ್ಲದು, 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಮುಚ್ಚಳವೊಂದರ ಮೇಲೆಯೇ 120 ವ್ಯಾಟ್ ಆಯಿತು. ಅದರಲ್ಲಿ ಒಂದು ಪಾಲನ್ನಷ್ಟೇ ಪೆಟ್ಟಿಗೆ ಹೀರಿಕೊಂಡರೂ, ಪಿಒಇ ವಿದ್ಯುತ್ತಿನ ಬಹುಪಾಲು ಕೇಬಲ್‌ಗಳ ಆಚೆ ತುದಿಯ ಉಪಕರಣಗಳಿಗೆ ಹೋಗಿ ನಷ್ಟದ ಭಾಗ ಮಾತ್ರ ಒಳಗೆ ಶಾಖವಾಗುವುದರಿಂದ, ನಿಮ್ಮ ಸ್ವಿಚ್ ಹೊಮ್ಮಿಸುವ ಶಾಖಕ್ಕಿಂತ ಬಿಸಿಲಿನ ಪಾಲೇ ದೊಡ್ಡದಾಗಿರಬಹುದು. ಆದ್ದರಿಂದ ತಿಳಿಬಣ್ಣದ ಪೆಟ್ಟಿಗೆಯನ್ನು ನೆರಳಿನ ಗೋಡೆಗೆ ಸ್ಥಳಾಂತರಿಸಿ. ಆಗದಿದ್ದರೆ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು ಮುಂದೆ ಒಂದು ತಗಡಿನ ಮರೆ ಕಟ್ಟಿ. ಸ್ವಿಚ್‌ನ ಮಿತಿ 40 ಡಿಗ್ರಿಯೆಂದು ನಮೂದಾಗಿದ್ದರೆ ಅದು ಪೆಟ್ಟಿಗೆಯೊಳಗಿನ ಗಾಳಿಗೆ ಅನ್ವಯಿಸುತ್ತದೆ, ಹೊರಗಿನ ಹವೆಗಲ್ಲ. ಒಳಗೊಂದು ತಾಪಮಾಪಕವನ್ನಿಟ್ಟು ಮಧ್ಯಾಹ್ನದ ಅಳತೆ ತೆಗೆದುಕೊಳ್ಳಿ. 40 ದಾಟುತ್ತಿದ್ದರೆ 75 ಡಿಗ್ರಿವರೆಗೆ ತಾಳುವ ಕೈಗಾರಿಕಾ ದರ್ಜೆಯ ಸ್ವಿಚ್ ಮತ್ತು ಅದೇ ದರ್ಜೆಯ ಪವರ್ ಸಪ್ಲೈ ಹಾಕಿಸಿ.