ಎಂಜಿನ್ ಮಾಡೆಲ್ ಮಾಡಿದೆ, ಗೆದ್ದ ಕಪ್ಪಿನ ಹಾಗೆ ಕಾಣುತ್ತಿದೆ. ಎಲ್ಲಿ ತಪ್ಪಿದೆ?

ಉದ್ಯಮಬಾಗ್ ಟರ್ನರ್, ಬೆಳಗಾವಿ:

ಎಲ್ಲರಿಗೂ ನಮಸ್ಕಾರ ರೀ. ನಾನು ಉದ್ಯಮಬಾಗಿನ ಒಂದು ಶೆಡ್ಡಿನಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಹದಿನಾಲ್ಕು ವರ್ಷದಿಂದ ಹೈಡ್ರಾಲಿಕ್ ವಾಲ್ವಿನ ಸ್ಪೂಲ್ ಮಾಡುತ್ತಿದ್ದೇನೆ. ದಿನಾ ಅದೇ ಸೈಜು, ಅದೇ ಗ್ರೂವ್. ಎರಡು ವರ್ಷದ ಹಿಂದೆ ಬೇಸರಕ್ಕೆ ಒಂದು ಹುಚ್ಚು ಹಚ್ಚಿಕೊಂಡೆ. ರೇಸ್ ಕಾರಿನ ಎಂಜಿನ್ನನ್ನು ಐದನೇ ಒಂದು ಅಳತೆಯಲ್ಲಿ ಮಾಡುವುದು. ಓಡುವುದಲ್ಲ, ನೋಡುವುದಕ್ಕೆ ಮಾತ್ರ. ಆದರೆ ಒಳಗಿನ ಸಾಮಾನೆಲ್ಲ ಇರಬೇಕು. ಸಂಪ್, ಅಂದರೆ ಕೆಳಗಿನ ಎಣ್ಣೆ ತಟ್ಟೆ ಬಿಚ್ಚಿದರೆ ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ಕಾಣಬೇಕು, ಕೈಯಿಂದ ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ ಹೋಗಬೇಕು.

ಆರಿಸಿಕೊಂಡದ್ದು ಇಂಗ್ಲೆಂಡಿನ ಕಾಸ್ವರ್ತ್ ಕಂಪನಿಯ ಎಂಟು ಸಿಲಿಂಡರಿನ ಫಾರ್ಮುಲಾ ಒನ್ ಎಂಜಿನ್, ಡಿಎಫ್‌ವಿ. 1967ರಲ್ಲಿ ಝಾಂಡ್‌ವೂರ್ಟ್‌ನ ಡಚ್ ಗ್ರ್ಯಾಂಡ್ ಪ್ರೀಯಲ್ಲಿ ಜಿಮ್ ಕ್ಲಾರ್ಕ್ ಲೋಟಸ್ 49 ಓಡಿಸಿ ಗೆದ್ದರಲ್ಲ, ಆ ಕಾರಿನ ಎಂಜಿನ್. ಅದಕ್ಕೆ ಅದು ಮೊದಲನೇ ರೇಸ್! ಆಮೇಲೆ 1983ರ ತನಕ ಅದರ ವಂಶದ್ದೆಲ್ಲ ಸೇರಿ 155 ಗೆಲುವು. ಆದರೆ ನನಗೆ ಹಿಡಿಸಿದ್ದು ಗೆಲುವಿನ ಲೆಕ್ಕ ಅಲ್ಲ. ಲೋಟಸ್ 49ರಲ್ಲಿ ಡ್ರೈವರ್ ಬೆನ್ನಿನ ಹಿಂದೆ ಚಾಸಿಯೇ ಇಲ್ಲ. ಎಂಜಿನ್ನೇ ಚಾಸಿ. ಮುಂದಿನ ಅರ್ಧ ಕಾರಿಗೆ ಎಂಜಿನ್ ಬೋಲ್ಟ್ ಮಾಡಿ, ಹಿಂದಿನ ಗಾಲಿಗಳ ಭಾರವನ್ನೆಲ್ಲ ಅದರ ಮೈಮೇಲೇ ಹಾಕಿದ್ದಾರೆ. ಕೆಳಗೆ ಎರಡು ಕಡೆ ಗಟ್ಟಿ ಹಿಡಿತ, ಮೇಲೆ ಮಾತ್ರ ತೆಳು ಪ್ಲೇಟು. ಯಾಕೆ ಅಂದರೆ ಎಂಜಿನ್ ಕಾದಾಗ ಹಿಗ್ಗುತ್ತೆ, ಪ್ಲೇಟು ಅಷ್ಟು ಬಾಗಿಕೊಡುತ್ತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಸಲಿ ಬೋರ್ (ಸಿಲಿಂಡರಿನ ಅಗಲ) 85.67 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 64.9. ಐದರಿಂದ ಭಾಗಿಸಿದರೆ 17.13 ಮತ್ತು 12.98. ಅಸಲಿ 2993 ಸಿಸಿ ನನ್ನ ಕೈಯಲ್ಲಿ 24 ಸಿಸಿಗೆ ಇಳಿಯಿತು. ಉದ್ದ ಐದನೇ ಒಂದಾದರೆ ಗಾತ್ರ ನೂರಿಪ್ಪತ್ತೈದನೇ ಒಂದು ಆಗುತ್ತಲ್ಲ. ಹಳೇ 50 ಸಿಸಿ ಲೂನಾದ ಅರ್ಧಕ್ಕೂ ಬರಲಿಲ್ಲ. ಉಳಿದ ಅಳತೆಯೆಲ್ಲ ಫೋಟೋ ಮೇಲೆ ಸ್ಕೇಲ್ ಇಟ್ಟು ತೆಗೆದದ್ದು. ಬ್ಲಾಕು, ಹೆಡ್ಡು, ಹೆಡ್ಡಿನ ಮೇಲಿನ ಮುಚ್ಚಳ ಕ್ಯಾಮ್ ಕವರ್ ಎಲ್ಲ 6061 ಅಲ್ಯೂಮಿನಿಯಂ ತುಂಡಿನಿಂದ. ಮಾಲಕರು ಪುಣ್ಯಾತ್ಮರು, ರವಿವಾರ ಬೆಳಿಗ್ಗೆ ಮಿಲ್ಲಿಂಗ್ ಮಷೀನ್ ಬಿಟ್ಟುಕೊಟ್ಟರು. ಗಾಳಿ ಎಳೆಯುವ ಎಂಟು ತುತ್ತೂರಿಗಳಿಗೆ ಗೋಡೆ ದಪ್ಪ 0.4 ಮಿಮೀ. ಎಂಟು ಸಿಗುವಷ್ಟರಲ್ಲಿ ಹನ್ನೊಂದು ಹಾಳಾದವು.

ಈಗ ಗೋಳು ಕೇಳಿ. ಎಲ್ಲ ಜೋಡಿಸಿ, ಬಫ್ ಹೊಡೆದು, ಮೂರನೇ ಗೇಟ್ ಹತ್ತಿರ ಇರುವ ನಮ್ಮ ಹಳೇ ಮೇಸ್ತ್ರಿಗೆ ಒಯ್ದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. "ಯಾವ ಟೂರ್ನಮೆಂಟಿನ ಕಪ್ಪೋ ಇದು?" ಅಂದರು. ಮನೆಯಲ್ಲಿ ಹೆಂಡತಿ, "ದೇವರ ಜಗಲಿ ಮೇಲೆ ಇಡಲಾ?" ಅಂದಳು. ಸಿಟ್ಟು ಬಂತು, ಆದರೆ ಇಬ್ಬರೂ ಹೇಳಿದ್ದು ನಿಜ. ಫೋಟೋ ಹಾಕಿದ್ದೇನೆ, ನೋಡಿ. ಅಳತೆ ಎಲ್ಲೂ ತಪ್ಪಿಲ್ಲ. ಆದರೂ ಎಂಜಿನ್ ಅನಿಸುವುದಿಲ್ಲ. ಗೆಳೆಯನ ಫೌಂಡ್ರಿಯಲ್ಲಿ ಮರಳಿನ ಅಚ್ಚಿಗೆ ಹೊಯ್ಯಿಸಿ ಹೊಸದಾಗಿ ಮಾಡಲಾ?

ಇನ್ನೊಂದು ಸಂಕಟ. ಬ್ಲಾಕಿನಲ್ಲಿ, ಬೋಲ್ಟಿನ ತೂತಿಗೆ ಥ್ರೆಡ್ ಕೊರೆಯುವ ಎಂ1.6 (1.6 ಮಿಮೀ) ಟ್ಯಾಪ್ ನಾಲ್ಕು ಮುರಿದು ಕೂತಿವೆ. ದಾರಿ ಗೊತ್ತಿದ್ದವರು ಹೇಳಿ.

ಬಾಗಲಕೋಟೆ ಮೆಕ್ಯಾನಿಕಲ್:

ಅಣ್ಣಾ, ಸೂಪರ್! ಇದನ್ನೆಲ್ಲ ರೆಸಿನ್ ಪ್ರಿಂಟರಿನಲ್ಲಿ ಒಂದು ವಾರದಲ್ಲಿ ತೆಗೆಯಬಹುದಿತ್ತಲ್ವಾ? ಇರಲಿ, ಬಯ್ಯಬೇಡಿ.

ನಿಮ್ಮ ಆರನೇ ಫೋಟೋ ನೋಡಿ ಒಂದು ಸಂಶಯ. ಕ್ರ್ಯಾಂಕಿನಲ್ಲಿ ಪಿಸ್ಟನ್ ಕಡ್ಡಿ ಹಿಡಿಯುವ ನಾಲ್ಕು ಪಿನ್ನು ನಾಲ್ಕು ದಿಕ್ಕಿಗೆ, ಪ್ಲಸ್ ಗುರುತಿನ ಹಾಗೆ ಇವೆ. ಅದು ಅಮೆರಿಕದ ರಸ್ತೆ ಕಾರುಗಳ ವಿ8 (ವಿ ಆಕಾರದಲ್ಲಿ ಬದಿಗೆ ನಾಲ್ಕರಂತೆ ಎಂಟು ಸಿಲಿಂಡರ್) ಪದ್ಧತಿ. ಡಿಎಫ್‌ವಿಯದ್ದು ಫ್ಲ್ಯಾಟ್ ಪ್ಲೇನ್ ಕ್ರ್ಯಾಂಕ್, ಎರಡು ಪಿನ್ನು ಮೇಲೆ, ಎರಡು ಕೆಳಗೆ, ಅಷ್ಟೆ. ಎರಡು ನಾಲ್ಕು ಸಿಲಿಂಡರ್ ಎಂಜಿನ್ ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗೆ ಅಂತ ಇಟ್ಟುಕೊಳ್ಳಿ. ಅದಕ್ಕೇ ಸೈಲೆನ್ಸರ್ ಪೈಪು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಬೇಕಾಗಿಲ್ಲ. ಆಯಾ ಬದಿಯ ನಾಲ್ಕು ಅಲ್ಲೇ ಒಂದಾಗುತ್ತವೆ. ಪೈಪು ನೀವು ಸರಿಯಾಗೇ ಮಾಡಿದ್ದೀರಿ. ಕ್ರ್ಯಾಂಕ್ ಮಾತ್ರ ಬೇರೆ ಎಂಜಿನ್ನಿನದು. ಸಾರಿ ಅಣ್ಣಾ.

ಪ್ಯಾಟರ್ನ್ ಕಾಕಾ, ಬೆಳಗಾವಿ:

ತಮ್ಮಾ, ನಾನು ಮೂವತ್ತು ವರ್ಷ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡಿದವನು. ಮೊದಲು ಸಾಗವಾನಿಯಲ್ಲಿ, ಆಮೇಲೆ ಅಲ್ಯೂಮಿನಿಯಂನಲ್ಲಿ. ನಿನ್ನ ಮೇಸ್ತ್ರಿ ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ನಿನ್ನ ಎಂಜಿನ್ನಿನಲ್ಲಿ ಎರಕವೇ ಇಲ್ಲ. ಎಲ್ಲ ಕಡೆ ಕಟ್ಟರ್ ಓಡಾಡಿದೆ. ಟರ್ನರ್ ಕೈಗೆ ಅದೊಂದು ರೋಗ. ಮಷೀನ್ ಮುಟ್ಟದ ಜಾಗ ಕಂಡರೆ ಕೆಲಸ ಅರ್ಧ ಆಯಿತು ಅಂದುಕೊಳ್ಳುತ್ತೀರಿ.

ಅಸಲಿ ಬ್ಲಾಕಿನ ಮೈ ಜಾಸ್ತಿ ಪಾಲು ಮರಳಿನಿಂದ ಬಂದ ಹಾಗೇ ಇರುತ್ತೆ. ಮಂಕು ಬೂದು ಬಣ್ಣ. ಇನ್ನೊಂದು ಸಾಮಾನು ಬಂದು ಕೂರುವ ಜಾಗದಲ್ಲಿ ಮಾತ್ರ ಮಷೀನಿಂಗ್. ಆ ಹೊಳಪು, ಈ ಮಂಕು, ಎರಡೂ ಒಂದೇ ಗೆರೆಯಲ್ಲಿ ಸೇರುವುದನ್ನು ಕಂಡಾಗಲೇ ಕಣ್ಣು "ಇದು ಎಂಜಿನ್" ಅನ್ನುತ್ತೆ.

ಮರಳಿನಲ್ಲಿ ಹೊಯ್ಯಿಸಬೇಡ. ಇದನ್ನು ಜನ ಯೋಚಿಸುವುದಿಲ್ಲ. ನೀನು ಎಂಜಿನ್ ಐದನೇ ಒಂದು ಮಾಡಿದೆ, ಮರಳಿನ ಕಾಳು ಚಿಕ್ಕದಾಗುತ್ತಾ? ಫೌಂಡ್ರಿ ಮರಳು ಸುಮಾರು ಕಾಲು ಮಿಲಿಮೀಟರ್. ನಿನ್ನ ಮಾಡೆಲ್ ಮೇಲೆ ಅದು ಅಸಲಿ ಎಂಜಿನ್ನಿಗೆ ಗೋಧಿ ರವೆ ಅಂಟಿಸಿದ ಹಾಗೆ ಕಾಣುತ್ತೆ. ಗ್ಲಾಸ್ ಬೀಡ್ ಬ್ಲಾಸ್ಟಿಂಗ್, ಅಂದರೆ ಸಣ್ಣ ಗಾಜಿನ ಗುಂಡುಗಳನ್ನು ಗಾಳಿಯಿಂದ ಹೊಡೆಸುವುದು, ಮಾಡಿಸು, ಸಣ್ಣ ನಂಬರಿನದು, ಗಾಳಿ ಒತ್ತಡ ಕಡಿಮೆ ಇಟ್ಟು. ಸ್ಟೀಲ್ ಶಾಟ್ ಕಡೆ ಹೋಗಬೇಡ, ತುತ್ತೂರಿ ಎಲ್ಲ ಹಪ್ಪಳ ಆಗುತ್ತವೆ.

ಅದಕ್ಕೂ ಮೊದಲು ಫೈಲ್ ಹಿಡಿ. ಎರಕದ ಸಾಮಾನಿಗೆ ಚೂಪು ಮೂಲೆ ಇರುವುದಿಲ್ಲ. ಹೊರಮೂಲೆ ಉಜ್ಜಿ ದುಂಡಗೆ ಮಾಡು. ಒಳಮೂಲೆಗೆ ಎಪಾಕ್ಸಿ ಪುಟ್ಟಿ ತುಂಬಿ, ಸೈಕಲ್ ಬಾಲ್ ಬೇರಿಂಗಿನ ಗುಂಡನ್ನು ಕಡ್ಡಿಗೆ ಅಂಟಿಸಿ ಎಳೆ. ಒಳಮೂಲೆಯ ದುಂಡು, ಫಿಲೆಟ್, ತಾನಾಗೇ ಬರುತ್ತೆ. ನೆಟ್ಟಗೆ ನಿಂತ ಗೋಡೆಗೆ ಒಂದು ಡಿಗ್ರಿ ಡ್ರಾಫ್ಟ್, ಅಂದರೆ ಓರೆ ಕೊಡು, ಇಲ್ಲದಿದ್ದರೆ ಅಚ್ಚಿನಿಂದ ಪ್ಯಾಟರ್ನ್ ಹೇಗೆ ಎದ್ದು ಬರಬೇಕು? ಅಚ್ಚಿನ ಎರಡು ಅರ್ಧ ಸೇರುವ ಪಾರ್ಟಿಂಗ್ ಲೈನ್ ಎಲ್ಲಿ ಬರಬಹುದು ಅಂತ ಯೋಚಿಸಿ, ಅಲ್ಲಿ ಕೂದಲೆಳೆಯಷ್ಟು ಗೆರೆ ಬಿಡು; ಫೌಂಡ್ರಿಯಲ್ಲಿ ಅದನ್ನು ಉಜ್ಜಿ ತೆಗೆಯುವುದಕ್ಕೇ ಫೆಟ್ಲಿಂಗ್ ಅನ್ನುವುದು. ಬೋಲ್ಟ್ ಕೂರುವ ಉಬ್ಬು, ಬಾಸ್ ಇರುತ್ತಲ್ಲ, ಅದರ ಮೇಲೆ ಸಪಾಟು ಕೊರೆದ ಸ್ಪಾಟ್‌ಫೇಸ್ ಸರೀ ನಡುವೆ ಬೇಡ. ಒಂದೆರಡು ಕಡೆ 0.1 ಮಿಮೀ ಪಕ್ಕಕ್ಕೆ ಸರಿಸು. ಅಚ್ಚಿನೊಳಗಿನ ಮರಳಿನ ಕೋರ್ ಅಲುಗಾಡದ ಎರಕವನ್ನು ನಾನಂತೂ ಕಂಡಿಲ್ಲ.

ಕ್ರಮ ಕೂಡ ಅಸಲಿಯ ಹಾಗೇ ಇರಲಿ. ಮೊದಲು ಎರಕದ ಮೈ, ಆಮೇಲೆ ಮಷೀನಿಂಗ್. ಅಂದರೆ ಜೋಡಿಸುವ ಮುಖಗಳ ಮೇಲೆ 0.2 ಮಿಮೀ ಜಾಸ್ತಿ ಬಿಟ್ಟು ಬ್ಲಾಸ್ಟ್ ಮಾಡಿಸು, ಕೊನೆಗೆ ಒಂದು ಹಗುರ ಕಟ್ ತಗೊ. ನೀನು ಎಲ್ಲ ಸೈಜಿಗೆ ತಂದಾಗಿದೆ, ಹಾಗಾಗಿ ಬ್ಲಾಕಿನ ಆ ಮುಖಗಳಿಗೆ ಟೇಪ್ ಸುತ್ತುವುದೇ ಗತಿ. ಕ್ಯಾಮ್ ಕವರ್ ಮಾತ್ರ ಹೊಸದಾಗಿ ಮಾಡು, ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಮುರಿದ ಟ್ಯಾಪಿಗೆ ಪಟಕ. ನಮ್ಮ ಕಡೆ ತುರಟಿ ಅಂತಾರಲ್ಲ, ಕ್ಷೌರದಂಗಡಿಯಲ್ಲಿ ಗದ್ದಕ್ಕೆ ಉಜ್ಜುವುದು, ಅದೇ. ಖಡೇಬಜಾರಿನ ಒಬ್ಬ ವಾಚ್ ರಿಪೇರಿಯವರು ಹೇಳಿಕೊಟ್ಟದ್ದು. ಬಿಸಿ ನೀರಿನಲ್ಲಿ ಕರಗುವಷ್ಟು ಕರಗಿಸಿ ಗಾಜಿನ ಪಾತ್ರೆಯಲ್ಲಿ ಬ್ಲಾಕ್ ಮುಳುಗಿಸು, ನೀರು ಬಿಸಿ ಇರುವ ಹಾಗೆ ನೋಡಿಕೊ. ಅಲ್ಯೂಮಿನಿಯಂ ಉಳಿಯುತ್ತೆ, ಉಕ್ಕು ತಿಂದುಹೋಗುತ್ತೆ. ಸಾದಾ ಕಾರ್ಬನ್ ಸ್ಟೀಲ್ ಟ್ಯಾಪ್ ಬೇಗ ಹೋಗುತ್ತೆ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆದರೆ ತಾಳ್ಮೆ ಬೇಕು. ಸಿಲಿಂಡರಿನ ಒಳಕೊಳವೆ, ಲೈನರ್, ಬೀಡು ಕಬ್ಬಿಣದ್ದಾಗಿದ್ದರೆ ಮೊದಲು ಹೊರಗೆ ತೆಗೆ, ಇಲ್ಲದಿದ್ದರೆ ಅದೂ ಹೋಯಿತು.

ಕ್ರ್ಯಾಂಕ್ ಬಿಡು, ಒಳಗೆ ಮುಚ್ಚಿಹೋಗುವುದು ಯಾರಿಗೆ ಕಾಣುತ್ತೆ?

ಉದ್ಯಮಬಾಗ್ ಟರ್ನರ್:

ಕಾಕಾ, ಸಂಪ್ ಬಿಚ್ಚಿ ತೋರಿಸುವವನು ನಾನೇ ಅಲ್ವಾ? ತೋರಿಸುವಾಗ ನನಗೇ ಕಾಣುತ್ತೆ. ಆ ಬಾಗಲಕೋಟೆ ತಮ್ಮ ಹೇಳಿದ್ದು ಸರಿ, ಇನ್ನೂ ನಾಲ್ಕು ಫೋಟೋ ಹುಡುಕಿ ನೋಡಿದೆ. ಎರಡು ತಿಂಗಳ ಕೆಲಸ ಗುಜರಿಗೆ. ಆದರೆ ಫ್ಲ್ಯಾಟ್ ಪ್ಲೇನ್ ಅಂದರೆ ನಮಗೆ ಸಲೀಸು. ಇಎನ್8 ಉಕ್ಕಿನ ಪಟ್ಟಿ ತಗೊಂಡು, ಲೇತಿಗೆ ಹಿಡಿಯುವ ನಡುವಿನ ಸೆಂಟರ್ ಬಿಟ್ಟು ಆ ಕಡೆ ಈ ಕಡೆ ಸ್ಟ್ರೋಕಿನ ಅರ್ಧ, 6.49 ಮಿಮೀಗೆ ಎರಡು ಸೆಂಟರ್ ಹೊಡೆದರೆ ಎಲ್ಲ ಪಿನ್ನೂ ಅದರಲ್ಲೇ ಬರುತ್ತವೆ. ಮೊದಲೇ ಗೊತ್ತಿದ್ದರೆ ಕೋನ ಅಳೆದು ತಿರುಗಿಸುವ ಇಂಡೆಕ್ಸಿಂಗ್ ಹೆಡ್ ಎರವಲು ತರುವ ಕಷ್ಟ ಇರಲಿಲ್ಲ.

ಮರಳಿನ ಕಾಳಿನ ಮಾತು ಓದಿ ಒಬ್ಬನೇ ನಕ್ಕೆ. ಹೌದಲ್ಲ ಅನಿಸಿತು.

ಗೋಳಗುಮ್ಮಟ ಕಿಟ್ಸ್, ವಿಜಯಪುರ:

ನಾನು ಪ್ಲಾಸ್ಟಿಕ್ ಕಿಟ್ ಕಟ್ಟುವವನು, ಲೇತ್ ಮುಟ್ಟಿದವನಲ್ಲ. ತಮಿಯಾದ 1/12 ಲೋಟಸ್ 49 ಮಾಡಿದ್ದೇನೆ. ನಮಗೆ ನಿಮ್ಮದರ ಉಲ್ಟಾ ತೊಂದರೆ, ಎಲ್ಲ ಪ್ಲಾಸ್ಟಿಕ್ ಹಾಗೆ ಕಾಣುತ್ತೆ. ಪುಟ್ಟಿ ಹಚ್ಚಿದ ಜಾಗದಲ್ಲಿ ಬ್ಲಾಸ್ಟಿಂಗ್ ಒಂದೇ ಸಮ ಬರುವುದಿಲ್ಲ. ಅಲ್ಲಿ ದಪ್ಪ ಪ್ರೈಮರ್ ಹಚ್ಚಿ, ಒಣಗುವ ಮೊದಲೇ ಗಿಡ್ಡ ಬಿರುಸು ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಬಿಡಿ. ಎಳೆಯಬೇಡಿ, ಚುಚ್ಚಬೇಕು.

ಇದನ್ನು ನಾನು ಕಲಿತದ್ದು ಆಕಸ್ಮಿಕವಾಗಿ. ಒಂದು ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಗೇರ್‌ಬಾಕ್ಸಿಗೆ ಸ್ಪ್ರೇ ಹೊಡೆದೆ. ನಮ್ಮ ವಿಜಯಪುರದ ಬಿಸಿಲು ನಿಮಗೆ ಗೊತ್ತೇ ಇದೆ. ಬಣ್ಣ ಗಾಳಿಯಲ್ಲೇ ಒಣಗಿ ಹಿಟ್ಟಿನ ಹಾಗೆ ಹೋಗಿ ಕೂತಿತು. ಹಾಳಾಯಿತು ಅಂತ ಬೈದುಕೊಂಡು ಎತ್ತಿಟ್ಟೆ. ಸಂಜೆ ನೋಡಿದರೆ ಥೇಟ್ ಎರಕ! ಈಗ ಬೇಕಂತಲೇ ಮಧ್ಯಾಹ್ನ ಒಂದೂವರೆ ಅಡಿ ದೂರದಿಂದ ಹೊಡೆಯುತ್ತೇನೆ.

ಕ್ಯಾಮ್ ಕವರ್ ಮೇಲಿನ ಉಬ್ಬಿದ ಅಕ್ಷರಕ್ಕೆ: ನೀವು ನೋಡಿ ಮಾಡಿದ ಅಸಲಿ ಎಂಜಿನ್ನಿನ ಫೋಟೋದಲ್ಲಿ ಕವರ್ ಕಪ್ಪಿದ್ದರೆ ಪೂರ್ತಿ ಕಪ್ಪು ಹೊಡೆದು ಎರಡು ದಿನ ಬಿಡಿ. ಆಮೇಲೆ ಗಾಜಿನ ಮೇಲೆ 1000 ನಂಬರ್ ಎಮರಿ ಅಂಟಿಸಿ, ಕವರ್ ಬೋರಲು ಹಾಕಿ ಹಗುರ ಎಳೆಯಿರಿ. ಅಕ್ಷರದ ತಲೆ ಮಾತ್ರ ಬೆಳ್ಳಗಾಗುತ್ತೆ.

ಇನ್ನೊಂದು, ನಟ್ಟು ದೊಡ್ಡದಾಗಿವೆ. ಎಂ8 ಬೋಲ್ಟಿನ ತಲೆ 13 ಮಿಮೀ, ಐದನೇ ಒಂದು ಅಂದರೆ 2.6. ಅಂಗಡಿಯ ಎಂ1.6 ನಟ್ 3.2 ಇರುತ್ತೆ. ಎಷ್ಟು ವ್ಯತ್ಯಾಸ ಅನ್ನಬೇಡಿ, ಅರವತ್ತು ನಟ್ ಸಾಲಾಗಿ ನಿಂತರೆ ಟೊಪ್ಪಿಗೆ ಹಾಕಿಕೊಂಡ ಹುಡುಗರ ಹಾಗೆ ಕಾಣುತ್ತವೆ.

ಬಾಗಲಕೋಟೆ ಮೆಕ್ಯಾನಿಕಲ್:

ಅಣ್ಣಾ, ಪ್ಲಗ್ ವೈರ್ ಹಾಕುವಾಗ ಸಿಡಿಯುವ ಕ್ರಮ 1-8-3-6-4-5-2-7. ಬಲಕ್ಕೆ 1ರಿಂದ 4, ಎಡಕ್ಕೆ 5ರಿಂದ 8. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಡಿಸ್ಟ್ರಿಬ್ಯೂಟರಿನಿಂದ ವೈರ್ ಹಾಗೇ ಹಂಚಿದರೆ ತಿಳಿದವರು ಹಿಡಿಯಲಾರರು. ಪ್ರಿಂಟರ್ ಮಾತು ವಾಪಸ್ ತಗೊಂಡೆ.

ಉದ್ಯಮಬಾಗ್ ಟರ್ನರ್:

ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ. ಕ್ಯಾಮ್ ಕವರ್ ಎರಡೂ ಹೊಸದು. ಫೈಲ್ ಮಾಡುವಾಗ ಕೈ ನಡುಗಿತು. 0.02 ಮಿಮೀ ಲೆಕ್ಕ ಹಿಡಿದು ಬದುಕಿದವನು ನಾನು, ಬೇಕಂತಲೇ ಮೂಲೆ ಕೆಡಿಸುವುದು ಅಂದರೆ ಸುಲಭ ಅಲ್ಲ ರೀ. ಬೀಡ್ ಬ್ಲಾಸ್ಟಿಂಗಿಗೆ ಒಯ್ದರೆ ಅಲ್ಲಿಯ ಹುಡುಗ, "ಇಷ್ಟೇನಾ?" ಅಂತ ಅಂಗೈಯಲ್ಲಿ ಇಟ್ಟು ನೋಡಿದ. ದುಡ್ಡೇ ತಗೊಳ್ಳಲಿಲ್ಲ.

ಬ್ಲಾಸ್ಟ್ ಆದ ಮೇಲೆ ಕೆಳಮುಖಕ್ಕೆ 0.2 ಕಟ್ ಹಾಕಿದೆ. ಬೂದಿ ಮೈಯ ಅಂಚಿಗೆ ಒಂದು ಬೆಳ್ಳಿ ಗೆರೆ ಎದ್ದಿತು. ಮಷೀನ್ ಬಂದ್ ಮಾಡಿ ಸುಮ್ನೆ ನೋಡುತ್ತಾ ನಿಂತೆ.

ನಟ್ಟು ಹಿತ್ತಾಳೆ ರಾಡಿನಿಂದ ಮಾಡುತ್ತಿದ್ದೇನೆ, 2.6 ಸೈಜು. ಇಪ್ಪತ್ತೆರಡು ಆಗಿವೆ. ಟ್ಯಾಪ್ ಮೂರು ಕರಗಿದವು. ಮೂರು ದಿನ ಗುಳ್ಳೆ ಏಳುವುದನ್ನು ನೋಡಿ ಮಗಳು ಯಾವ ಅಡಿಗೆ ಅಂತ ಕೇಳಿದಳು. ನಾಲ್ಕನೆಯದು ಎಚ್‌ಎಸ್‌ಎಸ್, ಇನ್ನೂ ಗಾಜಿನ ಬೋಗುಣಿಯಲ್ಲಿದೆ.

ಮೊನ್ನೆ ಕವರ್ ಒಂದನ್ನೇ ಮೇಸ್ತ್ರಿಗೆ ಕೊಟ್ಟೆ, ಏನೂ ಹೇಳಲಿಲ್ಲ. ಕನ್ನಡಕ ಏರಿಸಿ, ಉಗುರಿನಿಂದ ಪಾರ್ಟಿಂಗ್ ಲೈನ್ ಕೆರೆದು, "ಇಲ್ಲಿ ಫೆಟ್ಲಿಂಗ್ ಸರಿ ಆಗಿಲ್ಲ ನೋಡು, ಫೌಂಡ್ರಿಯವರಿಗೆ ವಾಪಸ್ ಕಳಿಸು" ಅಂದರು.