ಪಾವು: ಅಳತೆಯೋ, ತೂಕವೋ?

ಎಲ್ಲರಿಗೂ ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ‘ಪಾವು’ ಅನ್ನೋ ಪದ ಎರಡು ಅರ್ಥದಲ್ಲಿ ಓಡಾಡುತ್ತಿದೆ. ಅದರ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ಅಮ್ಮ ತುಮಕೂರಿನ ಕಡೆಯವರು. ಅವರಿಗೆ ಪಾವು ಅಂದರೆ ಹಿತ್ತಾಳೆಯ ಅಳತೆ ಪಾತ್ರೆ, ಕಾಲು ಸೇರು. ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಅಕ್ಕಿಯೂ ಅದರಲ್ಲೇ, ಹಿಟ್ಟೂ ಅದರಲ್ಲೇ. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅಂಗಡಿಯಲ್ಲಿ ಮರಾಠಿಯಲ್ಲಿ ‘ಪಾವ್ ಕಿಲೋ ಸಾಖರ್’ (ಕಾಲು ಕಿಲೋ ಸಕ್ಕರೆ) ಅಂತ ಕೇಳಿ ಅಭ್ಯಾಸ. ಅವಳ ಪಾವು 250 ಗ್ರಾಂ.

ಕಳೆದ ದೀಪಾವಳಿಗೆ ಅಜ್ಜಿಯ ನೋಟ್‌ಬುಕ್ ನೋಡಿಕೊಂಡು ಅವಳು ಶಂಕರಪೋಳಿ ಮಾಡಿದಳು. ‘3 ಪಾವು ಮೈದಾ, 1 ಪಾವು ಸಕ್ಕರೆ’ ಅಂತ ಬರೆದಿತ್ತು. ಇವಳು 750 ಗ್ರಾಂ ಮೈದಾ, 250 ಗ್ರಾಂ ಸಕ್ಕರೆ ತೂಗಿದಳು. ಗರಿಗರಿಯಾಗೇನೋ ಬಂತು, ಆದರೆ ಸಪ್ಪೆ. ಅಮ್ಮ ಒಂದು ತುಣುಕು ಬಾಯಿಗೆ ಹಾಕಿಕೊಂಡು, ‘ಸಕ್ಕರೆ ಸಾಲದು ಕಣೇ, ನಾನು ಬರೆದಿದ್ದಷ್ಟು ಹಾಕಿಲ್ಲ ನೀನು’ ಅಂದರು. ‘ಹಾಕಿದ್ದೀನಿ ಅಜ್ಜಿ’ ಅಂತ ಅವಳು. ಇಬ್ಬರ ಮಾತೂ ನಿಜವೇ.

ಆಮೇಲೆ ಆ ಹಿತ್ತಾಳೆ ಪಾವನ್ನೇ ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ನೀರು 240 ಗ್ರಾಂ ಹಿಡಿಯಿತು, ಅಂದರೆ 240 ಮಿಲಿ. ಸಕ್ಕರೆ 200. ಅಕ್ಕಿಯೂ ಹತ್ತಿರಹತ್ತಿರ ಅಷ್ಟೇ. ಮೈದಾ ಮಾತ್ರ 125! ಒತ್ತಿ ತುಂಬಿದರೆ 150 ಆಗುತ್ತದೆ. ಹಿಟ್ಟಿನ ನಡುವೆ ಗಾಳಿ ಜಾಸ್ತಿ ಅಲ್ವಾ. ಹೀಗಾಗಿ ಅಮ್ಮನ ಲೆಕ್ಕದಲ್ಲಿ 375 ಗ್ರಾಂ ಮೈದಾಕ್ಕೆ 200 ಗ್ರಾಂ ಸಕ್ಕರೆ. ಮಗಳ ಲೆಕ್ಕದಲ್ಲಿ ಅಷ್ಟೇ ಮೈದಾಕ್ಕೆ ಬಿದ್ದಿದ್ದು 125 ಗ್ರಾಂ.

ಪದದ ಮೂಲ ಒಂದೇ, ಸಂಸ್ಕೃತದ ‘ಪಾದ’. ಪಾದ ಅಂದರೆ ನಾಲ್ಕರಲ್ಲಿ ಒಂದು ಪಾಲೂ ಹೌದು. ನಮ್ಮ ‘ಕಾಲು’ ಕೂಡ ಹಾಗೇ ತಾನೆ? (ವಡಾ ಪಾವ್‌ನ ಪಾವ್ ಪೋರ್ಚುಗೀಸರಿಂದ ಬಂದದ್ದು, ಅದು ಬೇರೆ ಪದ.) ಯಾವುದರ ಕಾಲು ಅನ್ನುವುದನ್ನು ಪಾವು ತಾನಾಗಿ ಹೇಳುವುದಿಲ್ಲ. ಸೇರೂ ಹಿಂದೆ ಎರಡಿತ್ತು, ಅಳೆಯುವುದು ಒಂದು, ತೂಗುವುದು ಇನ್ನೊಂದು. ತೂಕದಲ್ಲಿ 80 ತೊಲದ ಸೇರು ಸುಮಾರು 933 ಗ್ರಾಂ. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ಕಿಲೋ ಬಂತು. ಮರಾಠಿಯ ‘ಪಾವಶೇರ್’ ಹೋಗಿ ‘ಪಾವ್ ಕಿಲೋ’ ಆಯಿತು. ಆದರೆ ಧಾನ್ಯ ಅಳೆಯುವ ಕಾಲು ಶೇರಿಗೆ ಮರಾಠಿಯಲ್ಲಿ ‘ಚಿಪಟೆ’ ಅನ್ನೋ ಬೇರೆ ಪದವೇ ಇದೆ. ಎಷ್ಟು ಅನುಕೂಲ ನೋಡಿ.

ನನಗನ್ನಿಸುವುದು, ಅಡುಗೆ ಬರೆಯುವಾಗ ಅಳೆದದ್ದಕ್ಕೆ ಮಾತ್ರ ‘ಪಾವು’ ಅನ್ನಬೇಕು, ತೂಗಿದ್ದಕ್ಕೆ ‘ಕಾಲು ಕಿಲೋ’. ಅಳೆ, ತೂಗು ಅಂತ ಎರಡು ಒಳ್ಳೆಯ ಕ್ರಿಯಾಪದ ಇರುವ ಭಾಷೆಯಲ್ಲಿ ಇದು ಕಲಸಿಹೋಗಬಾರದು. ಪುಣೆ, ಗೋವಾದ ಕನ್ನಡ ಮನೆಗಳಲ್ಲಿ ಪಾವು ಅಂದರೆ ಈಗ ಯಾವುದು? ಲೋಟ, ಕಪ್ಪು ಅದರ ಜಾಗಕ್ಕೆ ಬಂದುಬಿಟ್ಟಿವೆಯಾ?

ಇನ್ನೊಂದು ಪ್ರಶ್ನೆ. ಪಾತ್ರೆಯ ಕಂಠದ ಮೇಲೆ ಗೋಪುರದ ಹಾಗೆ ನಿಲ್ಲುವಂತೆ ತುಂಬುವುದಕ್ಕೆ ಮರಾಠಿಯಲ್ಲಿ ‘ಶಿಗೋಶಿಗ್’ ಅನ್ನುತ್ತಾರೆ. ಅಮ್ಮ ಯಾವಾಗಲೂ ಆ ಗೋಪುರವನ್ನು ಬೆರಳಿನಿಂದ ಸವರಿ ತೆಗೆದೇ ಅಳೆಯುತ್ತಾರೆ. ಈ ಎರಡು ಬಗೆಯ ಅಳತೆಗೆ ನಿಮ್ಮ ಊರಿನ ಕಡೆ ಯಾವ ಪದಗಳಿವೆ?